ಒಂದೇ ದಿನ 26 ಗಂಟೆ ಬಿಲ್: ಮೆಡಿಕೇರ್ ಫ್ರಾಡ್ ಕೇಸಿನಲ್ಲಿ ಡಿಫೆನ್ಸ್ ಎಲ್ಲಿಂದ ಶುರು?

ಬಿಲ್ಲಿಂಗ್_ಬವಣೆ (ಪ್ರಶ್ನೆ)

ಮೆಡಿಕೇರ್‌ಗೆ, ಅಂದರೆ ಮುಖ್ಯವಾಗಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆಗೆ, ಬಿಲ್ ಕಳಿಸುವ ಅಮೆರಿಕದ ಒಂದು ಸಣ್ಣ ಫ್ಯಾಮಿಲಿ ಪ್ರಾಕ್ಟೀಸ್. ಒಬ್ಬ ಡಾಕ್ಟರ್, ಇಬ್ಬರು ನರ್ಸ್ ಪ್ರಾಕ್ಟಿಷನರ್ (ತಾವೇ ಪೇಷಂಟ್ ನೋಡಬಲ್ಲ, ಹೆಚ್ಚಿನ ತರಬೇತಿಯ ನರ್ಸ್). ಮೂವರು ನೋಡಿದ ಪೇಷಂಟ್‌ಗಳ ಕ್ಲೇಮೂ ಡಾಕ್ಟರ ಎನ್‌ಪಿಐ (ವೈದ್ಯರ ಗುರುತಿನ ಸಂಖ್ಯೆ) ಮೇಲೇ ಹೋಗಿದೆ. ಈಗ ಗ್ರ್ಯಾಂಡ್ ಜ್ಯೂರಿಯ (ಆರೋಪ ಹೊರಿಸಬೇಕಾ ಅಂತ ನಿರ್ಧರಿಸುವ ನಾಗರಿಕರ ಮಂಡಳಿ) ಸಬ್‌ಪೀನಾ ಬಂದಿದೆ. ಐದು ವರ್ಷದ ಚಾರ್ಟು, ಅಪಾಯಿಂಟ್‌ಮೆಂಟ್ ಪಟ್ಟಿ, ಇಮೇಲು ಎಲ್ಲ ಕೊಡಿ ಅಂತ. ಜೊತೆಗೆ ಡಾಕ್ಟರಿಗೆ ಟಾರ್ಗೆಟ್ ಲೆಟರ್, ಅಂದರೆ ತನಿಖೆಯ ಗುರಿ ನೀವೇ ಅನ್ನುವ ಪತ್ರ. ಪ್ರಾಸಿಕ್ಯೂಟರ್ ತೋರಿಸಿದ ಒಂದು ಹಾಳೆ ನಿದ್ದೆಗೆಡಿಸಿದೆ: ಒಂದೇ ದಿನ 52 ವಿಸಿಟ್‌ಗೆ 99214 ಕೋಡ್ (ಹಳೇ ಪೇಷಂಟ್‌ನ ಸ್ವಲ್ಪ ಜಟಿಲ ಭೇಟಿಗೆ ಹಾಕುವ ಬಿಲ್ಲಿಂಗ್ ಕೋಡ್), ತಲಾ 30 ನಿಮಿಷ ಹಿಡಿದರೆ 26 ಗಂಟೆ.

ಮೊದಲ ವಾರ ಏನು ಮಾಡಬೇಕು, ಏನು ಮಾಡಬಾರದು? ಆ 26 ಗಂಟೆಗೆ ಉತ್ತರ ಇದೆಯಾ? "ಎಲ್ಲ ಬಿಲ್ಲಿಂಗ್ ಕಂಪನಿಯವರೇ ನೋಡಿಕೊಳ್ಳುತ್ತಿದ್ದರು" ಅಂದರೆ ನಡೆಯುತ್ತದಾ?

ಕಡತ_ಕಾವಲು

ಮೊದಲ ದಿನದ ಕೆಲಸ ಒಂದೇ: ಯಾವುದೂ ಅಳಿಯಬಾರದು. ಇಮೇಲ್‌ನ ಆಟೋ ಡಿಲೀಟ್, ವಾಟ್ಸಾಪ್‌ನ ತಾನಾಗಿ ಮಾಯವಾಗುವ ಮೆಸೇಜು, ಹಳೇ ಫೋನ್ ಎಕ್ಸ್‌ಚೇಂಜ್ ಮಾಡುವ ಯೋಚನೆ, ಎಲ್ಲ ನಿಲ್ಲಬೇಕು. ಬಿಲ್ಲಿಂಗ್ ಕಂಪನಿಗೂ, ಹಿಂದೆ ಬಳಸುತ್ತಿದ್ದ ಸಾಫ್ಟ್‌ವೇರ್‌ನವರಿಗೂ ಡೇಟಾ ಉಳಿಸಿಡಿ ಅಂತ ವಕೀಲರ ಮೂಲಕ ಪತ್ರ ಹೋಗಬೇಕು.

ಚಾರ್ಟ್ ಮುಟ್ಟಲೇಬೇಡಿ. "ಒಂದು ಸಾಲು ಬರೆಯೋದು ಮರೆತಿದ್ದೆ, ಸೇರಿಸಿಬಿಡೋಣ" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಯಾವ ಲಾಗಿನ್, ಎಷ್ಟು ಹೊತ್ತಿಗೆ, ಯಾವ ಪದ ಬದಲಿಸಿತು ಅನ್ನೋದೆಲ್ಲ ಸಾಫ್ಟ್‌ವೇರ್‌ನ ಆಡಿಟ್ ಲಾಗ್‌ನಲ್ಲಿ ಕೂತಿರುತ್ತದೆ. ಹೆಲ್ತ್‌ಕೇರ್ ಫ್ರಾಡ್‌ಗೆ, ಅಂದರೆ ಫೆಡರಲ್ ಕ್ರಿಮಿನಲ್ ಕಾನೂನಿನ ಸೆಕ್ಷನ್ 1347ಕ್ಕೆ, ಗರಿಷ್ಠ ಶಿಕ್ಷೆ ಸಾಮಾನ್ಯವಾಗಿ 10 ವರ್ಷ. ತನಿಖೆ ತಪ್ಪಿಸಲು ದಾಖಲೆ ತಿದ್ದಿದರೆ ಸೆಕ್ಷನ್ 1519ರಲ್ಲಿ 20 ವರ್ಷ. ಗೆಲ್ಲಬಹುದಾದ ಕೇಸನ್ನು ಕೈಯಾರೆ ಕೆಡಿಸಿಕೊಳ್ಳುವುದು ಇಲ್ಲೇ.

ಸಿಬ್ಬಂದಿ ವಿಷಯ. ಏಜೆಂಟರು ಸಂಜೆ ಹೊತ್ತು ರಿಸೆಪ್ಷನಿಸ್ಟ್ ಮನೆ ಬಾಗಿಲಿಗೇ ಹೋಗುತ್ತಾರೆ. ಮಾತಾಡುವ ಹಕ್ಕೂ ಇದೆ, ಮಾತಾಡದಿರುವ ಹಕ್ಕೂ ಇದೆ, ವಕೀಲರನ್ನು ಇಟ್ಟುಕೊಳ್ಳಬಹುದು ಅಂತ ತಿಳಿಸಿದರೆ ತಪ್ಪಿಲ್ಲ. ಅದನ್ನೂ ವಕೀಲರೇ ಬರೆದುಕೊಟ್ಟರೆ ಒಳ್ಳೆಯದು. "ಮಾತಾಡಬೇಡಿ" ಅಂದರೆ ಸೆಕ್ಷನ್ 1518ರ ಅಡ್ಡಿಪಡಿಸಿದ ಆರೋಪ ಬೇರೆ ಅಂಟಿಕೊಳ್ಳುತ್ತದೆ. ಇಬ್ಬರು ನರ್ಸ್ ಪ್ರಾಕ್ಟಿಷನರ್‌ಗಳಿಗೂ ಬೇರೆ ವಕೀಲರೇ ಬೇಕು. ಡಾಕ್ಟರ ಹಿತ, ಅವರ ಹಿತ ಒಂದೇ ಅಲ್ಲ.

ಕ್ಲಿನಿಕ್ ಕಾರ್ಪೊರೇಷನ್ನೋ, ಎಲ್‌ಎಲ್‌ಸಿಯೋ, ಡಾಕ್ಟರ ಸ್ವಂತ ಹೆಸರಿನದ್ದೋ ಅಂತ ವಕೀಲರಿಗೆ ಮೊದಲೇ ಹೇಳಿ. 1988ರ ಬ್ರಾಸ್‌ವೆಲ್ ತೀರ್ಪಿನ ಪ್ರಕಾರ ಕಂಪನಿಯ ಕಾಗದಪತ್ರ ಕೊಡಲು ಐದನೇ ತಿದ್ದುಪಡಿಯ (ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕು) ನೆಪ ಹೇಳುವಂತಿಲ್ಲ, ಕಂಪನಿ ಒಬ್ಬರದ್ದೇ ಆದರೂ. ಸ್ವಂತ ಹೆಸರಿನ ಪ್ರಾಕ್ಟೀಸ್ ಆದರೆ ವಾದಕ್ಕೆ ಸ್ವಲ್ಪ ಜಾಗ ಇದೆ.

ಕೊನೇದು, ಚಾರ್ಟ್ ಪರಿಶೀಲಿಸುವ ಕೋಡರನ್ನು (ಬಿಲ್ಲಿಂಗ್ ಕೋಡ್ ತಜ್ಞರನ್ನು) ಕ್ಲಿನಿಕ್ ನೇಮಿಸಬಾರದು, ವಕೀಲರು ನೇಮಿಸಬೇಕು. ಇದಕ್ಕೆ ಕೋವೆಲ್ ಏರ್ಪಾಡು ಅಂತಾರೆ, ಆಗ ಅವರ ಕೆಲಸಕ್ಕೂ ವಕೀಲ-ಕಕ್ಷಿದಾರರ ಗೋಪ್ಯತೆ ಸಿಗಬಹುದು. ನೀವೇ ದುಡ್ಡು ಕೊಟ್ಟು ವರದಿ ಬರೆಸಿದರೆ ಅದೂ ಸಬ್‌ಪೀನಾಕ್ಕೆ ಸಿಗುತ್ತದೆ.

ಕೋಡಿಂಗ್_ಕಟ್ಟೆ

26 ಗಂಟೆಯ ಹಾಳೆ ಜ್ಯೂರಿಯನ್ನು ಬೆಚ್ಚಿಬೀಳಿಸಲಿಕ್ಕೆ ಮಾಡಿದ್ದು. ಅದರೊಳಗೆ ಎರಡು ಊಹೆ ಇವೆ, ಎರಡನ್ನೂ ಬಿಚ್ಚಬಹುದು.

ಒಂದು, 99214 ಅಂದರೆ 30 ನಿಮಿಷ ಅನ್ನೋದು. 2021ರಿಂದ ಆಫೀಸ್ ವಿಸಿಟ್‌ನ ಮಟ್ಟವನ್ನು ಸಮಯದ ಮೇಲಾದರೂ ಆರಿಸಬಹುದು, ವೈದ್ಯಕೀಯ ನಿರ್ಧಾರದ ಜಟಿಲತೆಯ ಮೇಲಾದರೂ ಆರಿಸಬಹುದು. ಸ್ಥಿರವಾಗಿರುವ ಸಕ್ಕರೆ ಕಾಯಿಲೆ ಮತ್ತು ಬಿಪಿ, ಎರಡಕ್ಕೂ ಪ್ರಿಸ್ಕ್ರಿಪ್ಷನ್ ಔಷಧಿಯ ನಿರ್ವಹಣೆ: ಇಷ್ಟು ನೋಟ್‌ನಲ್ಲಿ ಸರಿಯಾಗಿ ಇದ್ದರೆ 99214 ದಕ್ಕುತ್ತದೆ. ಅದಕ್ಕೆ 12 ನಿಮಿಷ ಹಿಡಿದಿದ್ದರೂ ಸರಿಯೇ. 2020ರವರೆಗಿನ ಕ್ಲೇಮ್‌ಗಳಿಗೆ ನಿಯಮ ಬೇರೆ. ಆಗ 99214ರ ಎದುರು ಇದ್ದ 25 ನಿಮಿಷ ಬರೀ ಅಂದಾಜು. ಭೇಟಿಯ ಅರ್ಧಕ್ಕಿಂತ ಹೆಚ್ಚು ಹೊತ್ತು ಕೌನ್ಸೆಲಿಂಗ್‌ಗೆ ಹೋದಾಗ ಮಾತ್ರ ಸಮಯದ ಮೇಲೆ ಕೋಡ್ ಹಾಕುತ್ತಿದ್ದರು. ಆದರೆ ಎಚ್ಚರ: ನೋಟ್‌ನ ಕೆಳಗೆ "30 ನಿಮಿಷ ಕಳೆದೆ" ಅಂತ ಟೆಂಪ್ಲೇಟ್‌ನಿಂದ ಪ್ರತಿ ಚಾರ್ಟ್‌ಗೂ ತಾನಾಗಿ ಬಂದಿದ್ದರೆ ಈ ವಾದ ಅರ್ಧ ಸತ್ತ ಹಾಗೆ. 52 ನೋಟ್‌ನಲ್ಲೂ ಅದೇ ಸಾಲು ಇದ್ದರೆ ಪ್ರಾಸಿಕ್ಯೂಟರ್ ಅದನ್ನೇ ಪರದೆ ಮೇಲೆ ಹಾಕುತ್ತಾರೆ.

ಎರಡನೇ ಊಹೆ, 52 ಪೇಷಂಟ್‌ಗಳನ್ನೂ ಒಬ್ಬರೇ ನೋಡಿದರು ಅನ್ನೋದು. ಮೆಡಿಕೇರ್‌ನ "ಇನ್ಸಿಡೆಂಟ್ ಟು" ನಿಯಮದ ಪ್ರಕಾರ ನರ್ಸ್ ಪ್ರಾಕ್ಟಿಷನರ್ ಕೆಲಸವನ್ನು ಡಾಕ್ಟರ ಎನ್‌ಪಿಐ ಮೇಲೆ ಕಳಿಸಬಹುದು. ಕ್ಲೇಮ್ ಕಳಿಸುವ ಸಿಎಂಎಸ್-1500 ಫಾರ್ಮ್‌ನ 24ಜೆ ಅಂಕಣದಲ್ಲಿ ಮೇಲ್ವಿಚಾರಕ ಡಾಕ್ಟರ ನಂಬರೇ ಇರುತ್ತದೆ. ಹಾಗಾಗಿ ಪೇಷಂಟನ್ನು ನಿಜವಾಗಿ ಯಾರು ನೋಡಿದರು ಅಂತ ಕ್ಲೇಮ್ ಡೇಟಾ ಹೇಳುವುದೇ ಇಲ್ಲ. ಡಾಕ್ಟರ್ 22, ನರ್ಸ್ ಪ್ರಾಕ್ಟಿಷನರ್‌ಗಳು ತಲಾ 15 ನೋಡಿದ್ದಾರೆ ಅಂತಿಟ್ಟುಕೊಳ್ಳಿ. 30 ನಿಮಿಷದ ಲೆಕ್ಕವನ್ನೇ ಒಪ್ಪಿದರೂ 11 ಗಂಟೆ, ಏಳೂವರೆ, ಏಳೂವರೆ. ಉದ್ದನೆಯ ದಿನವೇ ಹೌದು, ಅಸಾಧ್ಯದ ದಿನ ಅಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಸ್ಪ್ರೆಡ್‌ಶೀಟ್ ಕಟ್ಟಬೇಕು: ಪ್ರತಿ ಕ್ಲೇಮ್‌ಗೆ ಒಂದು ಸಾಲು, ತಾರೀಖು, ಕೋಡ್, ಬಿಲ್ ಮಾಡಿದ ಮೊತ್ತ, ಕೈಗೆ ಬಂದ ಮೊತ್ತ, ಅಪಾಯಿಂಟ್‌ಮೆಂಟ್ ಯಾರ ಕಾಲಮ್ಮಿನಲ್ಲಿತ್ತು, ನೋಟ್ ತೆರೆದ ಲಾಗಿನ್, ಸಹಿ ಹಾಕಿದ ಲಾಗಿನ್, ಆ ಹೊತ್ತಿಗೆ ಡಾಕ್ಟರ್ ಕಟ್ಟಡದಲ್ಲಿದ್ದರಾ. ಖಾಸಗಿ ವಿಮೆ, ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಕ್ಲೇಮ್‌ಗಳನ್ನು ಬೇರೆ ಹಾಳೆಗೆ ತೆಗೆಯಿರಿ, ಅವರವರ ನಿಯಮ ಬೇರೆ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಹೊಸ ಪೇಷಂಟ್ ಅಥವಾ ಹೊಸ ತೊಂದರೆ ಇದ್ದರೆ "ಇನ್ಸಿಡೆಂಟ್ ಟು" ನಡೆಯುವುದಿಲ್ಲ, ಮೊದಲು ಡಾಕ್ಟರೇ ನೋಡಿ ಚಿಕಿತ್ಸೆಯ ಯೋಜನೆ ಹಾಕಿರಬೇಕು. ಹಾಗಾಗಿ ಹೊಸ ಪೇಷಂಟ್‌ಗೆ ಹಾಕುವ 99203, 99204 ಕೋಡ್ ಇದ್ದು ನರ್ಸ್ ಪ್ರಾಕ್ಟಿಷನರ್ ಸಹಿ ಮಾತ್ರ ಇರುವ ಸಾಲುಗಳಿಗೆ ಕೆಂಪು ಬಣ್ಣ ಹಚ್ಚಿ. ಎರಡನೆಯದು, ಡಾಕ್ಟರ್ ಆಫೀಸಿನಲ್ಲೇ ಇಲ್ಲದ ದಿನಗಳು, ಮೇಲ್ವಿಚಾರಣೆ ಇಲ್ಲದಿದ್ದರೆ "ಇನ್ಸಿಡೆಂಟ್ ಟು" ಇಲ್ಲ.

ಬಿಲ್ಲಿಂಗ್_ಬವಣೆ

ಎರಡನೆಯದೇ ಭಯ. ಡಾಕ್ಟರ್ ಒಂದು ಸಲ ಮೂರು ವಾರ ಊರಿಗೆ, ಭಾರತಕ್ಕೆ ಹೋಗಿದ್ದರು. ಆ ಅವಧಿಯ ಕ್ಲೇಮೂ ಅವರ ಎನ್‌ಪಿಐ ಮೇಲೆ ಹೋಗಿದೆ. ಈಗಲೇ ಆ ದುಡ್ಡು ವಾಪಸ್ ಕಟ್ಟಿಬಿಡಬಹುದಾ?

ಕೋಡಿಂಗ್_ಕಟ್ಟೆ

ದೇಶದ ಒಳಗೆ ಬಂದ, ಹೊರಗೆ ಹೋದ ದಾಖಲೆ ಸರ್ಕಾರದ ಕೈಯಲ್ಲೇ ಇದೆ, ಆ ವಾರಗಳನ್ನು ಅವರು ಈಗಾಗಲೇ ಹೊಂದಿಸಿ ನೋಡಿರುತ್ತಾರೆ ಅಂತಲೇ ತಿಳಿಯಿರಿ. ವಿಡಿಯೋ ಮೂಲಕ ಮೇಲ್ವಿಚಾರಣೆಗೆ 2020ರ ಮಾರ್ಚ್‌ನಿಂದ ಸಡಿಲಿಕೆ ಬಂತು ನಿಜ. ಆದರೆ ತಕ್ಷಣ ವಿಡಿಯೋದಲ್ಲಿ ಸಿಗುವಂತಿರಬೇಕು. ಕ್ಲಿನಿಕ್‌ನಲ್ಲಿ ಮಧ್ಯಾಹ್ನ ಆದಾಗ ಭಾರತದಲ್ಲಿ ರಾತ್ರಿ. ಆ ಕಥೆಯನ್ನು ಯಾರೂ ನಂಬುವುದಿಲ್ಲ, ಹೇಳಲೂ ಹೋಗಬೇಡಿ. ಆ ಕ್ಲೇಮ್‌ಗಳು ತಪ್ಪು ಅಂತ ಒಪ್ಪಿ, ವಂಚನೆಯ ಉದ್ದೇಶ ಇತ್ತಾ ಅನ್ನುವಲ್ಲಿ ಮಾತ್ರ ಹೋರಾಡಿ: ಸಾಫ್ಟ್‌ವೇರ್‌ನಲ್ಲಿ ಡಾಕ್ಟರ ಎನ್‌ಪಿಐ ಡಿಫಾಲ್ಟ್ ಆಗಿತ್ತಾ, ಬದಲಿಸಿ ಅಂತ ಯಾರಾದರೂ ಹೇಳಿದ್ದರಾ?

ಹೆಚ್ಚುವರಿ ಬಂದ ದುಡ್ಡು ಗೊತ್ತಾದ ಮೇಲೆ ವಾಪಸ್ ಕೊಡಲು 60 ದಿನಗಳ ನಿಯಮ ಇದೆ, ಸುಮ್ಮನೆ ಕೂರುವಂತಿಲ್ಲ. ಆದರೆ ಚೆಕ್ಕಿನ ಜೊತೆ ಹೋಗುವ ಪತ್ರದ ಪ್ರತಿ ಪದವೂ ಸಾಕ್ಷ್ಯ ಆಗುತ್ತದೆ. ವಕೀಲರಿಂದಲೇ ಹೋಗಲಿ.

ಉದ್ದೇಶವೇ_ಮುಖ್ಯ

ಮೂರನೇ ಪ್ರಶ್ನೆಗೆ. 1347ರಲ್ಲಿ ಸರ್ಕಾರ ಸಾಬೀತು ಮಾಡಬೇಕಾದ್ದು ತಿಳಿದೂ ತಿಳಿದೂ, ಬೇಕೆಂದೇ ವಂಚಿಸಿದರು ಅನ್ನೋದನ್ನ. 2010ರ ತಿದ್ದುಪಡಿಯ ನಂತರ ಈ ಸೆಕ್ಷನ್ ಇದೆ ಅಂತ ಗೊತ್ತಿರಬೇಕಾಗಿಲ್ಲ, "ಕಾನೂನು ಗೊತ್ತಿರಲಿಲ್ಲ" ನಡೆಯುವುದಿಲ್ಲ. "ನನ್ನ ತಿಳುವಳಿಕೆಯಲ್ಲಿ ಕ್ಲೇಮ್ ಸರಿಯಾಗಿಯೇ ಇತ್ತು" ಅನ್ನೋದು ಈಗಲೂ ಒಳ್ಳೆಯ ಡಿಫೆನ್ಸ್.

ಬಿಲ್ಲಿಂಗ್ ಕಂಪನಿಯ ಮೇಲೆ ಹಾಕುವ ಮುನ್ನ ಒಂದು ಸಂಗತಿ ನೋಡಿ: ಕೋಡ್ ಕ್ಲಿಕ್ ಮಾಡಿದ್ದು ಯಾರು? ಬಹಳ ಕಡೆ ನೋಟ್ ಮುಚ್ಚುವಾಗ ಡಾಕ್ಟರೇ ಮಟ್ಟ ಆರಿಸುತ್ತಾರೆ, ಕಂಪನಿ ಕಳಿಸುತ್ತದೆ ಅಷ್ಟೆ. ಯಾರು ನೋಡಿದರು, ಡಾಕ್ಟರ್ ಎಲ್ಲಿದ್ದರು ಅಂತ ಕಂಪನಿಗೆ ಪೂರ್ತಿ ತಿಳಿಸಿದ ಮೇಲೂ ಅವರೇ ಎನ್‌ಪಿಐ ಹಾಕಿದ್ದರೆ ವಾದಕ್ಕೆ ಬಲ. ತಿಳಿಸಿರದಿದ್ದರೆ ಅದೇ ವಾದ ತಿರುಗಿ ಬಡಿಯುತ್ತದೆ. ಆ ಕಂಪನಿಯವರೂ ತಮ್ಮ ತಲೆ ಉಳಿಸಿಕೊಳ್ಳಲು ಸರ್ಕಾರದ ಸಾಕ್ಷಿ ಆಗುತ್ತಾರೆ, ಅದಕ್ಕೆ ಸಿದ್ಧರಿರಿ.

ಎದುರಿನವರು ತರುವ ಕಾಗದ ಏನೇನು? ಮೆಡಿಕೇರ್ ಸೇರುವಾಗ ಡಾಕ್ಟರ್ ಸಹಿ ಹಾಕಿದ ಸಿಎಂಎಸ್-855, "ನಿಮ್ಮ ಬಿಲ್ಲಿಂಗ್ ಇತರರಿಗಿಂತ ಹೆಚ್ಚು" ಅಂತ ಬಂದ ಹೋಲಿಕೆ ಪತ್ರ, ತಿರಸ್ಕಾರವಾದ ಕ್ಲೇಮ್‌ಗಳು, "ಇದು ಸರಿಯಾ ಸರ್?" ಅಂತ ಕೇಳಿದ ಸಿಬ್ಬಂದಿಯ ಮೆಸೇಜು. ಕೊನೆಯದಕ್ಕೆ ಡಾಕ್ಟರ್ ಏನು ಉತ್ತರ ಕೊಟ್ಟಿದ್ದರು ಅನ್ನೋದರ ಮೇಲೆ ಕೇಸು ನಿಂತಿರುತ್ತದೆ. ಉತ್ತರ ಕೊಡದೆ ಬಿಟ್ಟಿದ್ದರೆ, ಬೇಕೆಂದೇ ಕಣ್ಣು ಮುಚ್ಚಿಕೊಂಡರು ಅಂತ ವಾದಿಸುತ್ತಾರೆ.

ಕಡತ_ಕಾವಲು

ಒಂದು ತಕರಾರು. ಕಂಪನಿಯ ಮೇಲೆ ಹಾಕುವ ವಾದವನ್ನು ಶುರುವಿನಲ್ಲೇ ಪ್ರಾಸಿಕ್ಯೂಟರ್ ಮುಂದೆ ಇಡಬೇಡಿ. ಆಡಿಟ್ ಲಾಗ್ ನೋಡದೆ ಹೇಳಿ, ಆಮೇಲೆ ಕ್ಲಿಕ್ ಮಾಡಿದ್ದು ಡಾಕ್ಟರೇ ಅಂತ ಗೊತ್ತಾದರೆ ಮುಂದಿನ ಮಾತಿಗೂ ಬೆಲೆ ಇರುವುದಿಲ್ಲ.

ಲೆಕ್ಕದ_ಲೇವಣಿ

ಯಾರೂ ದುಡ್ಡಿನ ಲೆಕ್ಕಕ್ಕೆ ಬರಲಿಲ್ಲ. ತಪ್ಪಿತಸ್ಥ ಅಂತಾದರೆ ಜೈಲಿನ ಅವಧಿಯನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನಷ್ಟದ ಮೊತ್ತ. ಸರ್ಕಾರಿ ಯೋಜನೆಗೆ ಕಳಿಸಿದ ಬಿಲ್‌ನ ಒಟ್ಟು ಮೊತ್ತವನ್ನೇ ಉದ್ದೇಶಿತ ನಷ್ಟ ಅಂತ ಮೇಲ್ನೋಟಕ್ಕೆ ಹಿಡಿಯುತ್ತಾರೆ, ಅದನ್ನು ಅಲ್ಲಗಳೆಯುವುದು ಡಿಫೆನ್ಸ್ ಕೆಲಸ. ಉದಾಹರಣೆಗೆ ಬಿಲ್ 12 ಲಕ್ಷ ಡಾಲರ್, ಕೈಗೆ ಬಂದದ್ದು 4.8 ಲಕ್ಷ. ಫೆಡರಲ್ ಶಿಕ್ಷೆಯ ಮಾರ್ಗಸೂಚಿಯಲ್ಲಿ 2015ರಲ್ಲಿ ಪರಿಷ್ಕರಿಸಿದ ಕೋಷ್ಟಕದ ಪ್ರಕಾರ ಮೊದಲನೆಯದಕ್ಕೆ 14 ಹಂತ (ಹಂತ ಹೆಚ್ಚಿದಷ್ಟೂ ಜೈಲು ಹೆಚ್ಚು), ಸರ್ಕಾರಿ ಆರೋಗ್ಯ ಯೋಜನೆಗೆ 10 ಲಕ್ಷ ದಾಟಿದ್ದಕ್ಕೆ ಇನ್ನೂ 2. ಎರಡನೆಯದಕ್ಕೆ 12 ಮಾತ್ರ. ಮೆಡಿಕೇರ್ ನಿಗದಿತ ದರ ಮಾತ್ರ ಕೊಡುತ್ತದೆ ಅಂತ ಡಾಕ್ಟರಿಗೆ ಮೊದಲೇ ಗೊತ್ತಿತ್ತು ಅನ್ನೋದಕ್ಕೆ ಹಳೇ ಪಾವತಿ ವಿವರಗಳೇ ಸಾಕ್ಷಿ, ಎಲ್ಲ ತೆಗೆದಿಡಿ. ಇನ್ನೂ ಮುಂದೆ ಹೋಗಿ, ನರ್ಸ್ ಪ್ರಾಕ್ಟಿಷನರ್ ತಮ್ಮದೇ ನಂಬರಿನಲ್ಲಿ ಬಿಲ್ ಮಾಡಿದ್ದರೆ 85% ಬರುತ್ತಿತ್ತು, ನಷ್ಟ ಉಳಿದ 15% ಮಾತ್ರ ಅಂತಲೂ ವಾದಿಸಬಹುದು. ಪೂರ್ತಿ ಕ್ಲೇಮೇ ನಷ್ಟ ಅಂತ ಸರ್ಕಾರ ಹೇಳುತ್ತದೆ.

ಪೇಷಂಟ್ ಹೆಸರು ಬಳಸಿದ್ದಕ್ಕೆ ಸೆಕ್ಷನ್ 1028ಎ, ಅಂದರೆ ಕಡ್ಡಾಯ ಎರಡು ವರ್ಷ ಹೆಚ್ಚುವರಿ ಶಿಕ್ಷೆ, ಸೇರಿಸಿದರೆ 2023ರ ಡುಬಿನ್ ತೀರ್ಪು ಹಿಡಿಯಿರಿ. ಅಲ್ಲಿಯೂ ಕೆಲಸ ಮಾಡಿದವರ ಅರ್ಹತೆಯನ್ನು ಹೆಚ್ಚಿಸಿ ಮೆಡಿಕೇಡ್‌ಗೆ ಬಿಲ್ ಮಾಡಿದ್ದರು. ಗುರುತಿನ ದುರ್ಬಳಕೆಯೇ ಅಪರಾಧದ ತಿರುಳಾಗಿರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಕೇಸಿಗೆ ಇದಕ್ಕಿಂತ ಹತ್ತಿರದ ತೀರ್ಪು ಇಲ್ಲ.

ಪ್ಲೀ ಒಪ್ಪಂದದ, ಅಂದರೆ ತಪ್ಪೊಪ್ಪಿ ರಾಜಿಯಾಗುವ, ಮಾತು ಬಂದರೆ: ಸರ್ಕಾರಿ ಆರೋಗ್ಯ ಯೋಜನೆಗೆ ಸಂಬಂಧಿಸಿದ ಅಪರಾಧದಲ್ಲಿ ತಪ್ಪೊಪ್ಪಿಗೆಯೂ ಶಿಕ್ಷೆಯಾದಂತೆಯೇ, ಕನಿಷ್ಠ ಐದು ವರ್ಷ ಮೆಡಿಕೇರ್, ಮೆಡಿಕೇಡ್‌ನಿಂದ ಹೊರಗೆ. ಡಾಕ್ಟರ್ ಇನ್ನೂ ಸಿಟಿಜನ್ ಆಗಿರದಿದ್ದರೆ ಇಮಿಗ್ರೇಷನ್ ವಕೀಲರು ಅದೇ ಮೇಜಿನಲ್ಲಿ ಕೂರಲಿ. ನಷ್ಟ 10,000 ಡಾಲರ್ ದಾಟಿದ ವಂಚನೆ ಇಮಿಗ್ರೇಷನ್ ಕಾನೂನಿನಲ್ಲಿ ಅಗ್ರವೇಟೆಡ್ ಫೆಲನಿ (ಗಂಭೀರ ಅಪರಾಧ), ಗ್ರೀನ್ ಕಾರ್ಡ್ ಇದ್ದರೂ ಗಡೀಪಾರು. ಆ ಮೊತ್ತವನ್ನು ತೀರ್ಮಾನಿಸಲು ಇಮಿಗ್ರೇಷನ್ ಕೋರ್ಟು ಪ್ಲೀ ಕಾಗದ, ಪರಿಹಾರದ ಆದೇಶ ಎರಡನ್ನೂ ತೆರೆದು ನೋಡಬಹುದು ಅಂತ 2009ರಲ್ಲೇ ತೀರ್ಪಾಗಿದೆ. ಒಪ್ಪಿಕೊಳ್ಳುವ ಕೌಂಟ್ (ಆರೋಪ) ಯಾವುದು, ಅದರ ಎದುರು ಬರೆಯುವ ನಷ್ಟ ಎಷ್ಟು ಅನ್ನೋದು ಸಹಿಗೆ ಮುಂಚೆಯೇ ಇತ್ಯರ್ಥ ಆಗಬೇಕು.