ಅಲ್ಲಾ, ಯೆಹೋವ, ಎಲೋಹಿಮ್: ಬ್ಯಾರೆ ಬ್ಯಾರೆ ದೇವ್ರಾ, ಒಂದ ಮಾತಾ?

ಮುದಗಲ್ ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಮುದಗಲ್, ಹಳೇ ಕ್ಯಾಥೊಲಿಕ್ ಮನಿತನ. ದುಬೈನಾಗ ನಾಕು ವರ್ಷ ಎಸಿ ಮೆಕ್ಯಾನಿಕ್ ಆಗಿ ದುಡದು ಹೋದ ವರ್ಷ ಊರಿಗೆ ಬಂದೀನಿ. ಅಲ್ಲಿ ನನ್ನ ರೂಮಿನಾಗ ಈಜಿಪ್ಟಿನವ ಒಬ್ಬ ಇದ್ದ, ಕಾಪ್ಟಿಕ್ ಕ್ರಿಶ್ಚಿಯನ್ (ಈಜಿಪ್ಟಿನ ಹಳೇ ಚರ್ಚಿನವ), ಬಲಗೈ ಮಣಿಕಟ್ಟಿಗೆ ಶಿಲುಬಿ ಹಚ್ಚಿ ಹಾಕಿಸ್ಕೊಂಡಿದ್ದ, ಊಟ ಆದ್ಮ್ಯಾಲ ಶಿಲುಬಿ ಗುರ್ತು ಮಾಡಿ ಅಲ್‌ಹಮ್ದುಲಿಲ್ಲಾ, ಅಂದ್ರ ಅಲ್ಲಾಗ ಸ್ತೋತ್ರ, ಅಂತಿದ್ದ, ಅವನ ಬೈಬಲ್‌ನಾಗೂ ದೇವ್ರು ಅನ್ನೋ ಕಡಿಗೆಲ್ಲ ಅಲ್ಲಾ ಅಂತನ ಐತಿ. ಅವನ ಜೋಡಿ ಇದ್ದು ನನಗೂ ಆ ಮಾತು ರೂಢಿ ಆಗೈತಿ. ಮೊನ್ನೆ ಒಂದು ಪ್ರಾರ್ಥನಾ ಕೂಟದಾಗ ಇದನ್ನ ಹೇಳಿದ್ರ ಹೊರಗಿಂದ ಬಂದಿದ್ದ ಬೋಧಕರೊಬ್ರು ಎಲ್ಲಾರ ಮುಂದ ಬೈದ್ರು, ಅದು ಬ್ಯಾರೆ ದೇವ್ರ ಹೆಸರು, ನಮ್ಮ ದೇವ್ರ ಹೆಸರು ಯೆಹೋವ, ಬಾಯಾಗ ತರಬ್ಯಾಡ ಅಂತ. ಅವತ್ತಿಂದ ಅವ್ವ ಮನಿಯಾಗ ಅಳಾಕತ್ಯಾಳ, ಮಗ ದಾರಿ ತಪ್ಯಾನ ಅಂತ. ಮೊಹರಂ ಬಂದ್ರ ಅಲಾಯಿ ದೇವ್ರ ಮುಂದ ಇಡೀ ಊರ ನಿಂದ್ರತೈತಿ ನಮ್ಮೂರಾಗ, ಅಲ್ಲಿ ಇಲ್ಲದ ಫರಕು ಇಲ್ಲಿ ಯಾಕ ಬಂತೋ ತಿಳೀವಲ್ದು. ತಿಳದೋರು ಬಿಡಿಸಿ ಹೇಳ್ರಿ, ಈ ಹೆಸರೆಲ್ಲ ಎಲ್ಲಿಂದ ಬಂದ್ವು? ಯೇಸುಸ್ವಾಮಿ ತಾನು ಯಾವ ಮಾತು ಆಡ್ತಿದ್ದ?

ರಾಯಚೂರು ಅರಬ್ಬಿ ಮೇಷ್ಟ್ರು:
ತಮ್ಮಾ, ಮೊದಲು ಅವ್ವಗ ಸಮಾಧಾನ ಹೇಳು. ನಿನ್ನ ಗೆಳೆಯ ತಪ್ಪೇನೂ ಮಾಡಿಲ್ಲ. ಅರಬ್ಬಿ ಮಾತಾಡೋ ಕ್ರೈಸ್ತರಿಗೆ ದೇವ್ರು ಅಂದ್ರ ಅಲ್ಲಾನ, ಅದ ಅವ್ರ ಮಾಮೂಲಿ ಮಾತು. 1865ರಾಗ ಬೈರೂತ್‌ನಾಗ ಅಚ್ಚಾದ ಅರಬ್ಬಿ ಬೈಬಲ್ಲಿನ ಮೊದಲನೇ ವಾಕ್ಯದಾಗ ಆಕಾಶ ಭೂಮಿ ಹುಟ್ಟಿಸಿದವ ಅಲ್ಲಾ ಅಂತನ ಐತಿ. ಅದಕ್ಕೂ ಭಾಳ ಮೊದಲು, 10ನೇ ಶತಮಾನದಾಗ, ಸಾದಿಯಾ ಗಾಓನ್ ಅಂತ ದೊಡ್ಡ ಯಹೂದಿ ಪಂಡಿತರು ತೋರಾ ಗ್ರಂಥಾನ ಅರಬ್ಬಿಗೆ ತಂದಾಗ ಅವ್ರೂ ಅಲ್ಲಾ ಅಂತ ಬರದ್ರು. ಮಾಲ್ಟಾ ದ್ವೀಪ ಕೇಳೀಯಲ್ಲ, ಅಲ್ಲಿ ಹೆಚ್ಚಿನೋರು ನಿಮ್ಮಂಗ ಕ್ಯಾಥೊಲಿಕ್, ಅವ್ರ ಭಾಷೆ ಅರಬ್ಬಿ ಬಳ್ಳಿಯಾಗಿಂದು, ಚರ್ಚಿನಾಗ ಅವ್ರು ದೇವ್ರಿಗೆ ಅಲ್ಲಾ ಅಂತಾರ.

ಇನ್ನ ಮಾತಿನ ಬೇರು. ಅರಬ್ಬಿಯಾಗ ಇಲಾಹ್ ಅಂದ್ರ ಯಾವುದೋ ಒಬ್ಬ ದೇವ್ರು, ಸಾಮಾನ್ಯ ಪದ, ಅದಕ್ಕ ಆಲಿಹಾ ಅಂತ ಬಹುವಚನಾನೂ ಐತಿ. ಮುಂದ ಅಲ್ ಹಚ್ಚಿದ್ರ 'ಆ ದೇವ್ರು', ಅಲ್-ಇಲಾಹ್ ಸವದು ಅಲ್ಲಾ ಆತು ಅಂತ ಭಾಳ ಪಂಡಿತರು ಹೇಳ್ತಾರ. ಅಲ್ಲಾ ಯಾವುದ್ರಿಂದನೂ ಹುಟ್ಟಿದ್ದಲ್ಲ, ಅದು ಅವನ ಸ್ವಂತ ಹೆಸರು ಅನ್ನೋ ಹಳೇ ಪಂಡಿತರೂ ನಮ್ಮಲ್ಲಿ ಅದಾರ. ನನ್ನ ಮನಸ್ಸು ಎರಡನೇದ್ರ ಕಡಿಗೆ ಐತಿ, ಯಾಕಂದ್ರ ಅಲ್ಲಾ ಅನ್ನೋದಕ್ಕ ಬಹುವಚನ ಇಲ್ಲ. ನಮ್ಮ ನಂಬಿಕಿಯ ಮೂಲ ಸಾಲು ಕಲಿಮಾ ನೋಡು, ಲಾ ಇಲಾಹ ಇಲ್ಲಲ್ಲಾಹ್, ಎರಡೂ ಪದ ಒಂದ ಸಾಲಿನಾಗ ಅದಾವ: ಅಲ್ಲಾನ ಬಿಟ್ಟು ಬ್ಯಾರೆ ಇಲಾಹ್ ಇಲ್ಲ. ನಮ್ಮ ಪ್ರವಾದಿಯವ್ರ ತಂದೆ ಹೆಸರ ಅಬ್ದುಲ್ಲಾ, ಅಂದ್ರ ಅಲ್ಲಾನ ಸೇವಕ, ಪ್ರವಾದಿ ಹುಟ್ಟೋಕಿಂತ ಮೊದಲ ಆ ಹೆಸರು ಇಟ್ಟಿದ್ರು. ಅಂದ್ರ ಮಾತು ಇಸ್ಲಾಮಿಗಿಂತ ಹಳೇದು.

ಕೋಟೆ ಏರಿಯಾ ಬಳ್ಳಾರಿ:
ತಮ್ಮಾ ನಾನು ನಿನ್ನಂಗೆ ಚರ್ಚಿಗೆ ಹೋಗೋಳೇ, ಪ್ರೊಟೆಸ್ಟೆಂಟ್. ಯೆಹೋವ ಅನ್ನೋದ್ರ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಬೈಬಲ್ಲನ್ನ ಕನ್ನಡಕ್ಕೆ ತರೋ ಕೆಲಸ ನಮ್ಮ ಬಳ್ಳಾರೀಲೂ ನಡೀತು, 1810ರಲ್ಲಿ ಇಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿಯಿಂದ, ಅದು ನಮಗೆ ಹೆಮ್ಮೆ. ಯಹೂದಿಗಳ ಗ್ರಂಥದ ಭಾಷೆ ಹೀಬ್ರೂನಲ್ಲಿ ಹಿಂದೆ ಬರೀ ವ್ಯಂಜನ ಬರೀತಿದ್ರು, ನಾವು ಕಾಗುಣಿತ ಬಿಟ್ಟು ಬರೆದಂಗೆ. ದೇವರ ಸ್ವಂತ ಹೆಸರು ನಾಕು ಅಕ್ಷರ, ಯ ಹ ವ ಹ. ಯಹೂದಿಗಳು ಭಯಭಕ್ತಿಗೆ ಅದನ್ನ ಉಚ್ಚಾರಾನೇ ಮಾಡಲ್ಲ, ಆ ಜಾಗ ಬಂದ್ರೆ ಅದೋನಾಯ್ ಅಂತ ಓದ್ತಾರೆ, ಒಡೆಯ ಅಂತ ಅರ್ಥ, ಮಾಮೂಲಿ ಮಾತಲ್ಲಿ ಹಶೇಮ್ ಅಂತಾರೆ, ಅಂದ್ರೆ 'ಆ ಹೆಸರು'. ನಮ್ಮ ಅಜ್ಜಿ ನಮ್ಮ ತಾತನ ಹೆಸರು ಜನ್ಮದಲ್ಲಿ ಬಾಯಿಬಿಟ್ಟು ಹೇಳ್ಲಿಲ್ಲ, ಯಾರಾದ್ರೂ ಬಲವಂತ ಮಾಡಿದ್ರೆ ಒಡಪು ಹಾಕ್ತಿದ್ಲು ಅಷ್ಟೆ, ಅದನ್ನ ನೋಡಿ ಬೆಳೆದೋರಿಗೆ ಇದು ತಟ್ಟನೆ ಅರ್ಥ ಆಗುತ್ತೆ. ಆಮೇಲೆ ಸ್ವರಚಿಹ್ನೆ ಹಾಕೋ ಕಾಲ ಬಂದಾಗ ಆ ನಾಕು ಅಕ್ಷರಕ್ಕೆ ಅದೋನಾಯ್ ಪದದ ಸ್ವರ ಹಚ್ಚಿದ್ರು, ಇಲ್ಲಿ ಅದೋನಾಯ್ ಅಂತ ಓದ್ರಿ ಅನ್ನೋ ಗುರುತಿಗೆ. ಯುರೋಪಿನೋರು ಎರಡನ್ನೂ ಕೂಡಿಸಿ ಓದಿ ಜೆಹೋವ ಮಾಡಿದ್ರು, ಅದೇ ನಮಗೆ ಯೆಹೋವ ಆಗಿ ಬಂತು. ಮೂಲ ಉಚ್ಚಾರ ಯಾಹ್ವೆ ಅಂತ ಇದ್ದಿರಬೇಕು ಅಂತ ಹೆಚ್ಚಿನ ವಿದ್ವಾಂಸರ ಮಾತು. ಹಲ್ಲೆಲೂಯಾ ಅಂತ ಹಾಡ್ತೀವಲ್ಲ, ಅದ್ರ ಕೊನೇಲಿರೋ ಯಾ ಅದೇ ಹೆಸರಿನ ತುಂಡು.

ಆದ್ರೆ ಆದಿಕಾಂಡದ ಮೊದಲನೇ ವಾಕ್ಯದಲ್ಲಿ ಯೆಹೋವ ಇಲ್ಲ, ಎಲೋಹಿಮ್ ಐತೆ. ಅದು ರೂಪದಲ್ಲಿ ಬಹುವಚನ, ಕ್ರಿಯಾಪದ ಮಾತ್ರ ಏಕವಚನ. ಇಂಗ್ಲಿಷಲ್ಲಿ ಓದೋರಿಗೆ ಇದನ್ನ ತಿಳಿಸೋಕೆ ಪುಟಗಟ್ಟಲೆ ಬರೀಬೇಕು, ನಮಗೆ ಯಾಕ್ರೀ ಬೇಕು? 'ದೇವರು ದೊಡ್ಡವನು' ಅಂತೀವಿ, ದೇವರು ಅನ್ನೋದ್ರಲ್ಲಿ 'ರು' ಐತೆ, ದೊಡ್ಡವನು ಏಕವಚನ. ಕನ್ನಡ ಬೈಬಲ್ಲಲ್ಲೂ ದೇವರು ಉಂಟುಮಾಡಿದನು ಅಂತಲೇ ಐತೆ. ನನಗೆ ಇದು ಹೊಳೆದ ದಿನ ಭಾಳ ಖುಷಿ ಆಗಿತ್ತು, ಇವತ್ತಿಗೂ ಆ ವಾಕ್ಯ ಓದುವಾಗೆಲ್ಲ ನಿಂತು ನೋಡ್ತೀನಿ. ಮತ್ತೆ ಎಲೋಹಿಮ್‌ನ ಒಂಟಿ ರೂಪ ಎಲೋಹ, ಅದನ್ನ ಮೇಷ್ಟ್ರು ಹೇಳಿದ ಇಲಾಹ್ ಪಕ್ಕ ಇಟ್ಟು ನೋಡು, ಅಕ್ಕತಂಗೀರು.

ಹೊಸಪೇಟೆ ರೋಡ್:
ಮಾತು ಒಂದೇ ಬೇರು ಅನ್ನೋದು ಸರಿ ಆದ್ರೆ ಅಷ್ಟಕ್ಕೇ ನಂಬಿಕೆ ಒಂದೇ ಅಂತ ಹೇಳೋಕಾಗಲ್ಲ, ತ್ರಿತ್ವ (ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ದೇವರು ಅನ್ನೋದು), ಯೇಸು ದೇವರ ಮಗ ಅನ್ನೋದು, ಇಲ್ಲಿ ಎರಡು ಧರ್ಮಕ್ಕೂ ದೊಡ್ಡ ವ್ಯತ್ಯಾಸ ಐತೆ, ಆ ಬೋಧಕರಿಗೆ ಅದೇ ಚಿಂತೆ ಇದ್ದಿರಬೇಕು. ಎಲ್ಲರ ಮುಂದೆ ಬೈದಿದ್ದು ಮಾತ್ರ ತಪ್ಪು.

ಎಡದಂಡೆ ಗಂಗಾವತಿ:
ಮ್ಯಾಲಿನವ್ರು ಹೇಳಿದ್ದು ಖರೆ, ನಂಬಿಕಿ ಬ್ಯಾರೆ, ಮಾತಿನ ಚರಿತ್ರೆ ಬ್ಯಾರೆ. ನಾನು ಚರಿತ್ರೆ ಕಡಿಗೆ ಬರ್ತೀನಿ. ದೇವ್ರು ಅನ್ನೋ ಅರ್ಥದ ಎಲ್ ಅನ್ನೋ ಬೇರು ಭಾಳ ಹಳೇದ್ರಿ. ಬ್ಯಾಬಿಲೋನಿನ ಅಕ್ಕಾಡಿಯನ್ ಭಾಷೆಯಾಗ ದೇವ್ರಿಗೆ ಇಲು. ಸಿರಿಯಾದ ಕಡಲ ದಂಡಿಗೆ ಉಗಾರಿತ್ ಅಂತ ಹಾಳುಪಟ್ಟಣ ಐತಿ, 1929ರಾಗ ಅಗೆತ ಚಾಲೂ ಆತು, ಅಲ್ಲಿ ಸಿಕ್ಕ ಮಣ್ಣಿನ ಹಲಗಿಯೊಳಗ ಎಲ್ ಅಂದ್ರ ದೇವತೆಗಳಿಗೆಲ್ಲ ಹಿರಿಯ. ಆ ಬೇರು ಇವತ್ತು ನಮ್ಮ ಓಣಿಯಾಗೂ ಐತಿ: ಇಸ್ಮಾಯಿಲ್ ಅಂದ್ರ ದೇವ್ರು ಕೇಳತಾನ, ಮಿಕಾಯೇಲ್ ಅಂದ್ರ ದೇವ್ರಂಥವ ಯಾರು, ಡ್ಯಾನಿಯೇಲ್ ಅಂದ್ರ ದೇವ್ರ ನನ್ನ ನ್ಯಾಯಾಧೀಶ.

ಇನ್ನೊಂದು ಹೇಳ್ಲೇಬೇಕು. 2024ರ ಆಗಸ್ಟಿನಾಗ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ನಾವು ರೈತರು ರಾತ್ರಿ ನಿದ್ದಿ ಮಾಡಿಲ್ಲ, ಆ ಹೊತ್ತಿನಾಗ ಹಳೇ ಅಣೆಕಟ್ಟಿನ ಕಥಿ ಓದಾಕ ಹತ್ತಿದ್ದೆ. ಯೆಮೆನ್‌ನಾಗ ಮಾರಿಬ್ ಅಣೆಕಟ್ಟು ಅಂತ ಇತ್ತು, ಅದನ್ನ ರಿಪೇರಿ ಮಾಡಿಸಿ ಅಬ್ರಹಾ ಅನ್ನೋ ಕ್ರೈಸ್ತ ರಾಜ 6ನೇ ಶತಮಾನದ ನಡುವ ಶಾಸನ ಹಾಕಿಸ್ಯಾನ, ಅದು ರಹ್ಮಾನನ್ ಮತ್ತು ಅವನ ಮೆಸ್ಸೀಯನ (ಅಂದ್ರ ಕ್ರಿಸ್ತನ) ಬಲದಿಂದ ಅಂತ ಚಾಲೂ ಆಗತೈತಿ. ರಹ್ಮಾನನ್ ಅಂದ್ರ ದಯಾಮಯ, ನಮ್ಮ ಸಾಬ್ರ ಬಿಸ್ಮಿಲ್ಲಾದಾಗ ಬರೋ ರಹ್ಮಾನ್ ಅದ ಮಾತು. ಕ್ರೈಸ್ತ ರಾಜ ಕಲ್ಲಿನ ಮ್ಯಾಲ ಕೆತ್ತಿಸ್ಯಾನ, ಡ್ಯಾಮ್ ನಿಂತದ್ದಕ್ಕ.

ಒಂದು ಎಚ್ಚರ: ಕೇಳಾಕ ಒಂದ ಥರ ಇದ್ದದ್ದೆಲ್ಲ ಬಳಗ ಅಲ್ಲ. ನಮ್ಮ ದೇವ, ಲ್ಯಾಟಿನ್ನಿನ ದೇವುಸ್ ಖರೇನ ಒಂದ ಬೇರು, ಆದ್ರ ಗ್ರೀಕಿನ ಥಿಯೋಸ್ ಅದ್ರ ಜೋಡಿ ಸೇರೂದಿಲ್ಲ. ಖುದಾ ಅನ್ನೋದು ಪಾರ್ಸಿ ಮಾತು, ಅರಬ್ಬಿ, ಹೀಬ್ರೂ ಇರೋ ಸೆಮಿಟಿಕ್ ಬಳಗದ್ದು ಅಲ್ಲವೇ ಅಲ್ಲ.

ರಾಯಚೂರು ಅರಬ್ಬಿ ಮೇಷ್ಟ್ರು:
ಯೇಸುವಿನ ಮಾತು ಯಾರೂ ಹೇಳ್ಲೇ ಇಲ್ಲಲ್ಲ. ಅವ್ರು ಆಡ್ತಿದ್ದದ್ದು ಅರಾಮಿಕ್. ಅದ್ರಾಗ ದೇವ್ರಿಗೆ ಎಲಾಹ್, ಎಲಾಹಾ. ಅದ ಬಳಗದ ಸಿರಿಯಾಕ್‌ನಾಗ ಇವತ್ತಿಗೂ ಅಲಾಹಾ ಅಂತಾರ, ಕೇರಳದ ಸುರಿಯಾನಿ ಕ್ರೈಸ್ತರ ಹಳೇ ಪೂಜೆಯೊಳಗೂ ಆ ಭಾಷೆ ಐತಿ. ನಿಮ್ಮ ಮಾರ್ಕನ ಸುವಾರ್ತೆ 15ನೇ ಅಧ್ಯಾಯ ತಗಿ, ಶಿಲುಬಿ ಮ್ಯಾಲಿಂದ ಕೂಗಿದ್ದು ಎಲೋಹಿ, ಎಲೋಹಿ. ನನ್ನ ದೇವ್ರೇ ಅಂತ. ಅರಬ್ಬಿಯಾಗ ನಾವು ನನ್ನ ದೇವ್ರೇ ಅನ್ನಬೇಕಂದ್ರ ಇಲಾಹೀ ಅಂತೀವಿ.

ಮುದಗಲ್ ಹುಡುಗ:
ಮೇಷ್ಟ್ರೇ, ನೀವು ಬರದ ಕೊನೇ ಎರಡು ಸಾಲು ಅವ್ವಗ ಗಟ್ಟಿಯಾಗಿ ಓದಿ ಹೇಳಿದೆ. ಸುಮ್ನ ಕುಂತಿದ್ಲು, ಆಮ್ಯಾಲ ಎಲೋಹಿ ಅನ್ನೋದನ್ನ ಮತ್ತೊಮ್ಮೆ ಓದು ಅಂದ್ಲು. ಬಳ್ಳಾರಿ ಅಕ್ಕಾರ, ಒಡಪಿನ ಮಾತು ಕೇಳಿ ಅವ್ವ ನಕ್ಳು, ಆಕಿನೂ ಅಪ್ಪನ ಹೆಸರು ಹೇಳೂದಿಲ್ಲ. ಈಜಿಪ್ಟಿನ ಗೆಳೆಯಗ ಫೋನ್ ಹಚ್ಚಾಕತ್ತೀನಿ, ಅವ್ವ ಅವನ ಜೋಡಿ ಮಾತಾಡತೀನಿ ಅಂತಾಳ.