ಸಹಾಯ ಬೇಕು: ಮೆಡಿಕಲ್ ಓದುವಾಗ ಕೌನ್ಸೆಲರ್ ಹತ್ತಿರ ಹೋಗಿಬಂದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಮೆಡಿಕಲ್ ಮೊದಲ ವರ್ಷ. ಅನಾಟಮಿ ಇಂಟರ್ನಲ್‌ನಲ್ಲಿ ಎರಡನೇ ಸಲ ಫೇಲ್ ಆದೆ. ಓದಲಿಲ್ಲ ಅಂತಲ್ಲ. ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ) ಚಿತ್ರವನ್ನು, ಬೆನ್ನುಹುರಿಯ ಸಿ5 ನರದಿಂದ ಟಿ1ವರೆಗೆ, ಹಿಂದಿನ ರಾತ್ರಿ 11 ಸಲ ಬಿಡಿಸಿದ್ದೆ. ವೈವಾದಲ್ಲಿ (ಮೌಖಿಕ ಪರೀಕ್ಷೆ), ಕೈಗೆ ಹೋಗುವ ಅಲ್ನರ್ ನರ ಆ ಜಾಲದ ಯಾವ ಕಾರ್ಡ್‌ನಿಂದ (ನರಗಳ ಕಟ್ಟು) ಬರುತ್ತದೆ ಅಂತ ಕೇಳಿದರು. ಬಾಯಿಗೆ ಬೀಗ. ಹೊರಗೆ ಮೆಟ್ಟಿಲ ಮೇಲೆ ಕೂತ ತಕ್ಷಣ ‘ಮೀಡಿಯಲ್ ಕಾರ್ಡ್’ ನೆನಪಾಯಿತು!

ನಮಗೊಬ್ಬರು ಮೆಂಟರ್ ಇದ್ದಾರೆ, ಒಳ್ಳೆಯವರೇ. ಆದರೆ ಮಾರ್ಕ್ಸ್ ಹಾಕುವವರೂ ಅವರೇ ಅಲ್ವಾ? ನಿದ್ದೆ ಬರುತ್ತಿಲ್ಲ, ಸುಮ್ನೆ ಅಳು ಬರುತ್ತದೆ ಅಂತ ಅವರ ಮುಂದೆ ಹೇಗೆ ಹೇಳಲಿ? ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗೋಣ ಅಂದರೆ, ಹೇಳಿದ್ದು ಡಿಪಾರ್ಟ್‌ಮೆಂಟ್‌ಗೆ ಮುಟ್ಟಿಬಿಟ್ಟರೆ ಅನ್ನೋ ಭಯ. ಹೋಗಿಬಂದವರು ದಯವಿಟ್ಟು ಹೇಳಿ. ಮೊದಲ ದಿನ ಏನು ಕೇಳುತ್ತಾರೆ? ನಮ್ಮ ಫೈಲ್ ಯಾರ ಕೈಯಲ್ಲಿರುತ್ತದೆ?

ಇನ್ನೊಂದು ವಿಷಯ. ಆಂಕಿ ಫ್ಲ್ಯಾಶ್‌ಕಾರ್ಡ್ ಆ್ಯಪ್ (ಪ್ರಶ್ನೋತ್ತರದ ಕಾರ್ಡ್‌ಗಳನ್ನು ದಿನವೂ ಪುನರಾವರ್ತನೆಗೆ ಕೊಡುತ್ತದೆ) ಶುರು ಮಾಡಿದ್ದೆ. ನಾಲ್ಕು ದಿನ ಬಿಟ್ಟೆ, 600 ಕಾರ್ಡ್ ಬಾಕಿ. ಈಗ ತೆರೆಯೋಕೇ ಭಯ. ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡಲಾ, ಅಥವಾ ದಿನಕ್ಕೆ ಇಷ್ಟು ಅಂತ ಮುಗಿಸಲಾ?

ಮುಂದೆ ಯಾವ ಪಿಜಿ (ಸ್ನಾತಕೋತ್ತರ ಕೋರ್ಸ್) ಅಂತ ಮಾತ್ರ ಕೇಳಬೇಡಿ. ‘ಧೈರ್ಯವಾಗಿರು’ ಅನ್ನೋದೂ ಮನೆಯಲ್ಲೇ ಜಾಸ್ತಿ ಸಿಗುತ್ತಿದೆ. ಮರುಪರೀಕ್ಷೆಗೆ ಇನ್ನು ಮೂರೇ ವಾರ.