ಅಪ್‌ಡೇಟ್: ಬೈಕಿನಲ್ಲೇ ಶಟರ್ ರಿಮೋಟ್, ಕೊನೆಗೂ ಸರಿಹೋಯಿತು

ಹೋದ ತಿಂಗಳು ಕೇಳಿದ್ದೆ: ಮನೆ ಗ್ಯಾರೇಜಿನ ಮೋಟರ್ ಶಟರ್ ತೆಗೆಯಬೇಕಾದರೆ ಮಳೆಯಲ್ಲಿ ಬೈಕ್ ನಿಲ್ಲಿಸಿ, ಗ್ಲೌಸ್ ಬಿಚ್ಚಿ, ರೇನ್‌ಕೋಟ್ ಒಳಗಿನ ಜೇಬಲ್ಲಿ ರಿಮೋಟ್ ಹುಡುಕಬೇಕು, ಏನು ಮಾಡಲಿ ಅಂತ. ಈಗ ಕೆಲಸ ಆಯ್ತು. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮೊದಲು ನೀವು ಹೇಳಿದಂತೆ ಪಾಸ್ ಲೈಟ್ (ಎದುರಿನವರಿಗೆ ಹೆಡ್‌ಲೈಟ್ ಮಿಂಚಿಸುವ ಬಟನ್) ವೈರಿಗೆ 12 ವೋಲ್ಟ್ ರಿಲೇ (ಕರೆಂಟ್ ಬಂದಾಗ ತಾನೇ ಆನ್ ಆಗುವ ಸ್ವಿಚ್) ಸೇರಿಸಿ, ಅದು ರಿಮೋಟಿನ ಬಟನ್ ಒತ್ತಿದಂತೆ ಮಾಡುವ ಹಾಗೆ ಜೋಡಿಸಿದೆ. ಪಾಸ್ ಒತ್ತಿದರೆ ಶಟರ್ ಏಳುತ್ತಿತ್ತು. ಆದರೆ ಹೈಬೀಮ್‌ಗೂ ಅದೇ ವೈರ್ ಅಲ್ವಾ? ರಾತ್ರಿ ಹೈಬೀಮ್ ಉರಿದಷ್ಟು ಹೊತ್ತೂ ರಿಮೋಟ್ ಒತ್ತಿಹಿಡಿದಂತೆ ಆಗಿ ಸೆಲ್ ಖಾಲಿಯಾಯಿತು.

ಹಾಗಾಗಿ ಹ್ಯಾಂಡಲ್ ಮೇಲೆ ನೀರು ಇಳಿಯದ ಬೇರೆ ಬಟನ್ ಹಾಕಿದೆ. ಇಗ್ನಿಷನ್ ವೈರಿನಿಂದ 1 ಆಂಪ್ ಫ್ಯೂಸ್, ಆಮೇಲೆ ಬಟನ್, ಆಮೇಲೆ ರಿಲೇ. ರಿಲೇಯಿಂದ ಎರಡು ಸಣ್ಣ ವೈರ್ ತಂದು ರಿಮೋಟಿನ ಬಟನ್ ಕಾಲುಗಳಿಗೆ ಬೆಸುಗೆ ಹಾಕಿದೆ. ಬೈಕಿನ ಕರೆಂಟ್ ರಿಮೋಟಿಗೆ ಹೋಗುವುದೇ ಇಲ್ಲ. ಅದರ ಸೆಲ್ 3 ವೋಲ್ಟಿನದು, ಬೈಕ್ ಚಾರ್ಜ್ ಆಗುವಾಗ 14 ದಾಟುತ್ತದೆ. ನೇರ ಕೊಟ್ಟಿದ್ದರೆ ಸುಟ್ಟೇ ಹೋಗುತ್ತಿತ್ತು. ಕೀ ಆನ್ ಇಲ್ಲದೆ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಬೀದಿಯಲ್ಲಿ ನಿಲ್ಲಿಸುವವರಿಗೆ ಇದು ಬಹಳ ಮುಖ್ಯ.

ಇನ್ನೊಂದು ಮಾತು. ರಿಮೋಟನ್ನು ಮೊದಲು ಸೀಟ್ ಕೆಳಗೆ ಇಟ್ಟಿದ್ದೆ. ಅಲ್ಲಿ ಸುತ್ತ ಬರೀ ಕಬ್ಬಿಣ, ಸಿಗ್ನಲ್ ಹೊರಗೆ ಬರುತ್ತಿರಲಿಲ್ಲ. ಆಮೇಲೆ ಅದಕ್ಕೆ ಸ್ಪಂಜ್ ಸುತ್ತಿ ಹೆಡ್‌ಲೈಟಿನ ಪ್ಲಾಸ್ಟಿಕ್ ಕವರ್ ಹಿಂದೆ ಇಟ್ಟೆ. ನಿನ್ನೆ ಜೋರು ಮಳೆ. ಬೀದಿ ತಿರುವಿನಲ್ಲೇ ಹೆಬ್ಬೆರಳಿಂದ ಒತ್ತಿದೆ, ನಾನು ಬರುವಷ್ಟರಲ್ಲಿ ಶಟರ್ ಅರ್ಧ ಮೇಲೆದ್ದಿತ್ತು.